ಮಾಸ್ಟರ್ ಓದಿದ ಕೈಗಳು

ಒಬ್ಬ ಮನುಷ್ಯ ತಮ್ಮನ್ನು ನಂಬುತ್ತಾನೋ ಇಲ್ಲವೋ ಎಂಬುದನ್ನು ಅವನ ಕೈ ನೋಡಿಯೇ ಹೇಳಿಬಿಡುತ್ತೇನೆ ಎನ್ನುತ್ತಿದ್ದರು ನಮ್ಮ ಕಟಿಂಗ್ ಮಾಸ್ಟರ್. ಹಸ್ತರೇಖೆ ಗಿಸ್ತರೇಖೆ ಅಲ್ಲ, ಅಂಥವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. ಬಟ್ಟೆಯ ಮೇಲೆ ಕೈ ಹೇಗಿಟ್ಟ, ಹೆಬ್ಬೆರಳು ಒಳಗಿತ್ತೋ ಹೊರಗಿತ್ತೋ, ಕಣ್ಣು ಎಲ್ಲಿತ್ತು, ಇಷ್ಟು ನೋಡಿದರೆ ಸಾಕು ಅವರಿಗೆ. ಬಳ್ಳಾರಿಯಾಚೆ, ತೆಲುಗು ಸೀಮೆಯ ಗಡಿಯಲ್ಲಿರುವ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಯೂನಿಟ್ಟುಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಒಂದರಲ್ಲಿ ನಾನು ಹನ್ನೊಂದು ವರ್ಷ ಅವರ ಎದುರು ನಿಂತು ಬಟ್ಟೆ ಹಿಡಿದೆ. ಅವರು ತೀರಿಕೊಂಡು ಈಗ ಮೂರು ತಿಂಗಳಾಯಿತು. ಹೆಸರು ಬರೆಯುವುದಿಲ್ಲ. ಬರೆದರೆ ಅವರ ಮನೆಯವರಿಗೆ ನೋವಾಗುತ್ತದೆ. ಅಲ್ಲದೆ ನಾವು ಯಾರೂ ಅವರನ್ನು ಒಂದು ದಿನವೂ ಹೆಸರಿನಿಂದ ಕರೆದದ್ದಿಲ್ಲ. ಮಾಸ್ಟರ್ ಎಂದರೆ ಅವರೊಬ್ಬರೇ.

ಬಟ್ಟೆ ಹಿಡಿಯುವುದು ಅಂದರೆ ಏನು ಎಂದು ಗೊತ್ತಿಲ್ಲದವರಿಗೆ ಹೇಳಬೇಕು. ಉದ್ದನೆಯ ಮೇಜಿನ ಮೇಲೆ ಜೀನ್ಸ್ ಬಟ್ಟೆಯನ್ನು ಪದರದ ಮೇಲೆ ಪದರ ಹಾಸುತ್ತೇವೆ, ಒಂದು ಚೋಟು ಎತ್ತರ ಬರುವವರೆಗೆ. ಮೇಲಿನ ಪದರದ ಮೇಲೆ ರಟ್ಟಿನ ಅಚ್ಚು ಇಟ್ಟು ಸೀಮೆಸುಣ್ಣದಲ್ಲಿ ಗೆರೆ ಹಾಕುವುದು ಮಾಸ್ಟರ್ ಕೆಲಸ. ಆಮೇಲೆ ಕರೆಂಟಿನ ಕಟಿಂಗ್ ಮಿಷಿನ್. ಅದರ ಬ್ಲೇಡು ನೆಟ್ಟಗೆ ನಿಂತು ಮೇಲೆ ಕೆಳಗೆ ಆಡುತ್ತದೆ, ಮಾಸ್ಟರ್ ಅದನ್ನು ಗೆರೆಯ ಮೇಲೆ ತಳ್ಳಿಕೊಂಡು ಹೋಗಬೇಕು. ಪದರ ಜರುಗಿತೋ, ಮೇಲಿನ ಪ್ಯಾಂಟಿನ ಅಳತೆ ಬೇರೆ, ಕೆಳಗಿನ ಪ್ಯಾಂಟಿನ ಅಳತೆ ಬೇರೆ. ಅದಕ್ಕೇ ಎದುರಿಗೆ ಒಬ್ಬರು ಎರಡೂ ಅಂಗೈ ಊರಿ ಬಟ್ಟೆಯನ್ನು ಅದುಮಿ ಹಿಡಿದಿರಬೇಕು, ಬ್ಲೇಡಿನ ಪಕ್ಕದಲ್ಲೇ. ದೊಡ್ಡ ಫ್ಯಾಕ್ಟರಿಗಳಲ್ಲಿ ಅದಕ್ಕೆಲ್ಲ ಕ್ಲಿಪ್ಪು, ಉಕ್ಕಿನ ಕೈಗವಸು ಇರುತ್ತವಂತೆ. ನಮ್ಮಲ್ಲೂ ಒಂದು ಕೈಗವಸು ಇತ್ತು, ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಅದರ ಕಡೆ ಕೈ ಚಾಚಿದವರನ್ನು ಮಾಸ್ಟರ್ ಒಂದೇ ಮಾತು ಕೇಳುತ್ತಿದ್ದರು.

"ಯಾಕ, ನನ್ನ ಮ್ಯಾಲ ನಂಬಿಕಿ ಇಲ್ಲೇನು?"

ಚಾಚಿದ ಕೈ ಹಾಗೇ ವಾಪಸು ಬರುತ್ತಿತ್ತು.

ಮನುಷ್ಯ ಉದ್ದಕ್ಕಿದ್ದರು, ತೆಳ್ಳಗಿದ್ದರು. ವರ್ಷಗಟ್ಟಲೆ ಮೇಜಿನ ಮೇಲೆ ಬಾಗಿ ಬಾಗಿ ಬೆನ್ನು ಹಾಗೇ ನಿಂತುಬಿಟ್ಟಿತ್ತು. ಕಿವಿಯ ಹಿಂದೆ ಸೀಮೆಸುಣ್ಣದ ತುಂಡು, ಉಗುರ ಸಂದಿಯಲ್ಲಿ ತೊಳೆದರೂ ಹೋಗದ ನೀಲಿ. ಬೆಳಿಗ್ಗೆ ಮಿಷಿನ್ ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಸ್ವಿಚ್ಚು ಹಾಕುತ್ತಿರಲಿಲ್ಲ. ಹನ್ನೊಂದು ಗಂಟೆಗೆ ಒಗ್ಗರಣೆ ಮಂಡಕ್ಕಿ, ಎರಡು ಮಿರ್ಚಿ. ಅದರಲ್ಲಿ ಒಂದು ಮಿರ್ಚಿ ಯಾವಾಗಲೂ ನನ್ನ ಕಾಗದಕ್ಕೆ ಬರುತ್ತಿತ್ತು. ನಾನು ಬೇಡ ಅಂದರೆ "ತಿನ್ನಲೇ, ನಾಟಕ ಮಾಡಬ್ಯಾಡ" ಎಂದು ಗದರುತ್ತಿದ್ದರು. ನಮ್ಮಪ್ಪ ತೀರಿಕೊಂಡಾಗ ಬಂದು ಇಡೀ ದಿನ ಜಗಲಿಯ ಮೇಲೆ ಕೂತಿದ್ದರು. ಒಂದು ಮಾತಾಡಲಿಲ್ಲ, ಒಂದು ಲೋಟ ನೀರು ಮುಟ್ಟಲಿಲ್ಲ. ಇದನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ಬರೆಯುವುದನ್ನು ಓದಿ ಅವರನ್ನು ಬರೀ ಕೆಟ್ಟವರು ಅಂದುಕೊಂಡುಬಿಡಬಹುದು. ಕೆಟ್ಟವರಾಗಿರಲಿಲ್ಲ. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಯಾರು ನಂಬುತ್ತಾರೆ, ಯಾರು ನಂಬುವುದಿಲ್ಲ, ಇದೇ ಅವರ ತಲೆಯಲ್ಲಿ ಸದಾ ಓಡುತ್ತಿದ್ದ ವಿಷಯ. ಚಹಾದವನು ಲೋಟ ಇಟ್ಟು ಹೋದ ರೀತಿಯಲ್ಲೂ ಅವರಿಗೆ ಒಂದು ಅರ್ಥ ಹೊಳೆಯುತ್ತಿತ್ತು. "ಅಂವಾ ನಂಬ್ತಾನ", "ಇಂವಾ ನಂಬಂಗಿಲ್ಲ" ಎಂದು ತೀರ್ಪು ಕೊಟ್ಟರೆ ಮುಗಿಯಿತು, ಅದಕ್ಕೆ ಮೇಲೆ ಅಪೀಲಿಲ್ಲ. ಒಮ್ಮೆ ನಮ್ಮ ಓನರ್ ಬಂದು, ಕತ್ತರಿಸಿಟ್ಟ ಒಂದು ತುಂಡನ್ನು ಎತ್ತಿಕೊಂಡು ಸುಮ್ಮನೆ ಟೇಪ್ ಹಿಡಿದರು. ಮಾಸ್ಟರ್ ಮಿಷಿನ್ ನಿಲ್ಲಿಸಿದರು.

"ಅಳೀರಿ. ಒಂದ್ಯಾಕ, ಎಲ್ಲಾ ಅಳೀರಿ. ನಾ ಚಾ ಕುಡದು ಬರ್ತೀನಿ."

"ಅದಿ ಕಾದು ಮಾಸ್ಟರ್, ಊರಿಕೇ ಚೂಸ್ತುನ್ನಾನು" ಎಂದರು ಓನರ್, ಸುಮ್ಮನೆ ನೋಡುತ್ತಿದ್ದೆ ಅಷ್ಟೇ ಎಂದು ತೆಲುಗಿನಲ್ಲಿ ಸಮಾಧಾನ ಹೇಳುತ್ತ. ಮಾಸ್ಟರ್ ಹೋದವರು ಮಧ್ಯಾಹ್ನವಾದರೂ ಬರಲಿಲ್ಲ. ಕಡೆಗೆ ಓನರೇ ಚಹಾದಂಗಡಿಗೆ ಹೋಗಿ ಕರೆದುಕೊಂಡು ಬಂದರು. ಮಾಸ್ಟರ್ ಮುಖ ನೋಡಬೇಕಿತ್ತು ಆವತ್ತು! "ನೋಡಿದೇನು? ನಂಬಲಿಲ್ಲಂದ್ರ ಕರಿಯಾಕ ಬರ್ತಿದ್ನೇನು?" ಎಂದು ಸಂಜೆಯವರೆಗೆ ಹೇಳಿದ್ದೇ ಹೇಳಿದ್ದು. ಸರಕು ಮಾರನೇ ದಿನ ಹೋಗಬೇಕಿತ್ತು, ಅದಕ್ಕೆ ಓನರ್ ಕರೆಯಲು ಹೋಗಿದ್ದರು. ಅದೇ ಓನರ್ ಒಳಗಿನ ಕೋಣೆಯಲ್ಲಿ ಫೋನಿನಲ್ಲಿ ಬೇರೆ ಮಾಸ್ಟರ್ ಸಿಗುತ್ತಾರಾ ಎಂದು ವಿಚಾರಿಸುತ್ತಿದ್ದುದನ್ನು ನಾನು ಕೇಳಿಸಿಕೊಂಡಿದ್ದೆ. ಹೇಳಲಿಲ್ಲ.

ಹೇಳದೆ ಇರುವುದರಲ್ಲಿ ನಾನು ಬಹಳ ಜಾಣ.

ನನ್ನ ಮೊದಲ ದಿನದ ಕಥೆಯೂ ಇಂಥದ್ದೇ. ಬಟ್ಟೆ ಹಿಡಿ ಅಂದರು, ಹಿಡಿದೆ. ದೂರ ಹಿಡಿದರೆ ಬೈಯುತ್ತಾರೆ ಎಂದು ಮೊದಲೇ ಕೇಳಿದ್ದೆ, ಅದಕ್ಕೆ ಬ್ಲೇಡಿಗೆ ಹತ್ತಿರವೇ ಕೈಯೂರಿದೆ. ಬ್ಲೇಡು ಒಂದು ಕೂದಲೆಳೆ ಆಚೆ ಈಚೆ ಸರಿದರೂ ಕೈ ಕಿತ್ತುಕೊಳ್ಳಬೇಕು ಎಂದು ರೆಪ್ಪೆ ಬಡಿಯದೆ ಅದನ್ನೇ ನೋಡುತ್ತಿದ್ದೆ. ಒಂದು ಸಾಲು ಮುಗಿಸಿ ಮಾಸ್ಟರ್ ಮಿಷಿನ್ ನಿಲ್ಲಿಸಿ ಎಲ್ಲರಿಗೂ ಕೇಳುವಂತೆ ಹೇಳಿದರು.

"ನೋಡ್ರಲೇ ಎಲ್ಲಾರೂ. ಕೈ ಹತ್ರ ಐತಿ, ಕಣ್ಣು ಮಿಟುಕಿಸಂಗಿಲ್ಲ. ನಂಬಿಕಿ ಅಂದ್ರ ಇದು."

ಇಲ್ರಿ ಮಾಸ್ಟರ್, ಅದು ಹೆದರಿಕೆ ಎಂದು ಹೇಳಲು ಯಾವ ಹುಚ್ಚನಿಗೆ ಬಾಯಿ ಬರುತ್ತದೆ? ಆ ದಿನದಿಂದ ನಾನು ಅವರ ನಂಬಿಕೆಯ ಮನುಷ್ಯನಾದೆ. ತಾವು ನನ್ನನ್ನು ನಂಬುತ್ತೇವೆ, ಆದ್ದರಿಂದ ನಾನೂ ಅವರನ್ನು ನಂಬಿಯೇ ನಂಬುತ್ತೇನೆ, ಇದು ಅವರ ಲೆಕ್ಕಾಚಾರ. ಬೇರೆ ಯಾರಿಗೂ ಮುಟ್ಟಲು ಕೊಡದ ಮಿಷಿನ್ನನ್ನು ನನಗೆ ಕೊಟ್ಟು ನೇರ ಗೆರೆಗಳನ್ನು ಕತ್ತರಿಸಲು ಕಲಿಸಿದರು. ಹನ್ನೊಂದು ವರ್ಷ ಅವರು ನನ್ನ ಕಣ್ಣಿನಲ್ಲಿ ನಂಬಿಕೆ ನೋಡಿದರು, ನಾನು ಅವರ ಬ್ಲೇಡು ನೋಡಿದೆ.

ಈರಮ್ಮ ಬಂದದ್ದು ಆಮೇಲೆ. ಅಮರಾಪುರದ ಕಡೆಯವಳು, ಕುರಿ ಸಾಕುವ ಮನೆಯ ಮಗಳು. ಗಂಡನಿಗೆ ಇಲ್ಲಿ ಇಸ್ತ್ರಿ ಕೆಲಸ ಸಿಕ್ಕಿತೆಂದು ಇಬ್ಬರೂ ರಾಯದುರ್ಗಕ್ಕೆ ಬಂದಿದ್ದರು. ವಯಸ್ಸು ನಲವತ್ತರ ಹತ್ತಿರ. ಹೊಲಿದ ಪ್ಯಾಂಟುಗಳ ದಾರ ಕತ್ತರಿಸುವ ಕೆಲಸಕ್ಕೆ ಸೇರಿದವಳನ್ನು, ಕೈಯಲ್ಲಿ ಕಸುವಿದೆ ಎಂದು ಓನರ್ ಕಟಿಂಗ್ ಮೇಜಿಗೆ ಹಾಕಿದರು. ನಾನು ರಜೆ ಹಾಕಿದ ದಿನ, ಇಲ್ಲವೇ ಬೇರೆ ಕೆಲಸದಲ್ಲಿದ್ದ ಹೊತ್ತಿನಲ್ಲಿ ಅವಳು ಬಟ್ಟೆ ಹಿಡಿಯಬೇಕು.

ಅವಳ ರೀತಿಯೇ ಬೇರೆ. ಎರಡೂ ಕೈ ಬಂಡೆಯ ಹಾಗೆ ಊರುವಳು, ಬ್ಲೇಡಿಗೆ ನನಗಿಂತ ಹತ್ತಿರ. ಊರಿ, ಮುಖವನ್ನು ಪೂರಾ ಪಕ್ಕಕ್ಕೆ ತಿರುಗಿಸಿ ಕಿಟಕಿಯ ಕಡೆ ನೋಡುತ್ತ ನಿಲ್ಲುವಳು. ಮಾಸ್ಟರಿಗೆ ಮೊದಲ ದಿನವೇ ಪಿತ್ತ ನೆತ್ತಿಗೇರಿತು.

"ನೋಡು, ಮಾರಿ ಹೆಂಗ ತಿರಗಸ್ಯಾಳ. ನಾ ಕೊಯ್ಯೋದು ನೋಡಾಕ ಧೈರ್ಯ ಇಲ್ಲ ಅಕಿಗೆ. ನನ್ನ ನಂಬಂಗಿಲ್ಲ ಆ ಹೆಣಮಗಳು."

ನಾನು ಊಟದ ಹೊತ್ತಿನಲ್ಲಿ ಅವಳನ್ನು ಕೇಳಿದೆ, ಯಾಕಮ್ಮ ಹಾಗೆ ಆಚೆ ನೋಡ್ತೀ ಎಂದು. ಅವಳು ಮುದ್ದೆ ಮುರಿಯುತ್ತ ನಕ್ಕಳು.

"ನಮ್ಮಪ್ಪ ಕುರಿ ಉಣ್ಣೆ ಕತ್ತರಿಸುವಾಗ ನಾನೇ ಕಣಣ್ಣ ಕುರಿ ಹಿಡ್ಕಂತಿದ್ದಿದ್ದು. ಕತ್ರಿ ನೋಡಿದ್ರೆ ನಮ್ ಕೈಗೆ ಭಯ ಬತ್ತೈತೆ, ಅದು ಕುರಿಗೆ ಗೊತ್ತಾಗಿ ಒದ್ದಾಡ್ತೈತೆ. ಕತ್ರಿ ನಮ್ಮಪ್ಪನ ಕೆಲ್ಸ. ನಾನ್ಯಾಕೆ ನೋಡ್ಲಿ? ಇಲ್ಲೂ ಅಂಗೇ ಅಲ್ವಾ, ಬ್ಲೇಡು ಮಾಸ್ಟ್ರುದು, ಹಿಡ್ಕಳೋದು ನಂದು."

ನಂಬಿಕೆ ಅಂದರೆ ಇದು ಎಂದು ನನಗೆ ಆ ಕ್ಷಣಕ್ಕೆ ಗೊತ್ತಾಯಿತು. ನಾನು ಅಷ್ಟು ವರ್ಷ ತಿಂದ ಮಿರ್ಚಿಗಳೆಲ್ಲ ಇವಳಿಗೆ ಸೇರಬೇಕಾದವು. ಮಾಸ್ಟರಿಗೆ ಈ ಮಾತು ಹೇಳಬಹುದಿತ್ತು. ಹೇಳಿದರೆ ಅವರು ಖಂಡಿತ ಕೇಳುತ್ತಿದ್ದರು, ಹಂಗಾರ ನೀ ಯಾಕ ನೋಡ್ತಿಯಲೇ ಎಂದು.

ಇಷ್ಟಾಗಿ ಎರಡು ವರ್ಷಕ್ಕೆ ಅವರ ಕಣ್ಣು ಕೈಕೊಡತೊಡಗಿತು. ಮೊದಲು ಗೊತ್ತಾದದ್ದು ನನಗೆ, ಯಾಕೆಂದರೆ ಬ್ಲೇಡನ್ನು ನೋಡುತ್ತಿದ್ದವನು ಯೂನಿಟ್ಟಿನಲ್ಲಿ ನಾನೊಬ್ಬನೇ. ಶುಗರ್ ಮೊದಲಿನಿಂದಲೂ ಇತ್ತು, ಅದನ್ನು ಅವರು ಲೆಕ್ಕಕ್ಕೇ ಇಟ್ಟಿರಲಿಲ್ಲ. ಸೀಮೆಸುಣ್ಣದ ಗೆರೆ ದಪ್ಪವಾಗತೊಡಗಿತು. ಆಮೇಲೆ ಸುಣ್ಣವನ್ನು ನೀರಿಗೆ ಅದ್ದಿ ಗೆರೆ ಹಾಕತೊಡಗಿದರು. ಮೇಜಿನ ಮೇಲೆ ಇನ್ನೊಂದು ಟ್ಯೂಬ್‌ಲೈಟ್ ಹಾಕಿಸಿ, "ನಿಮಗ ಕಾಣ್ಲಿ ಅಂತ ಹಾಕ್ಸೀನಿ, ಕುರುಡ್ರು ನೀವು" ಎಂದರು. ಪ್ಯಾಂಟಿನ ಹಿಂಭಾಗಕ್ಕೆ ಒಂದು ತಿರುವು ಬರುತ್ತದೆ, ಸೀಟಿನ ತಿರುವು ಎನ್ನುತ್ತೇವೆ. ಅಲ್ಲಿ ಬ್ಲೇಡು ಗೆರೆ ಬಿಟ್ಟು ನನ್ನ ಕೈಯ ಕಡೆ ಬರುತ್ತಿತ್ತು. ನನ್ನ ಬೆರಳು ತಂತಾನೇ ಬಿಗಿಯಾಗಿ ಬಟ್ಟೆಯನ್ನು ಹಿಂಡುತ್ತಿದ್ದವು. ಅಷ್ಟರಲ್ಲಿ ಮಾಸ್ಟರ್ ಮಿಷಿನ್ನನ್ನು ಮತ್ತೆ ಗೆರೆಗೆ ತಿರುಗಿಸಿಬಿಡುತ್ತಿದ್ದರು. ಕಾಣದಿದ್ದರೂ ಅನುಭವ ಅಂದರೆ ಅನುಭವ ಎಂದು ನಾನು ಅಂದುಕೊಂಡೆ.

ಅದೇ ತಿಂಗಳುಗಳಲ್ಲಿ ಅವರು ನನ್ನ ಮೇಲೆ ಇನ್ನೂ ಪ್ರೀತಿ ಜಾಸ್ತಿ ಮಾಡಿದರು. ನಾನು ರಜೆ ಹಾಕಿದರೆ ಮಿಷಿನ್ ಮುಟ್ಟುತ್ತಿರಲಿಲ್ಲ. "ನೀ ಬರಲಿ, ಆಮ್ಯಾಲ ಕೊಯ್ಯೋಣ ಅಂತ ಬಿಟ್ಟೀನಿ" ಎನ್ನುತ್ತಿದ್ದರು. ನನಗೆ ಖುಷಿಯೂ ಆಗುತ್ತಿತ್ತು. ಎಂಥ ಮನುಷ್ಯ ನಾನು ನೋಡಿ! ಬೆರಳು ಹೋಗುವ ಭಯದಲ್ಲೂ ಆ ಮಾತು ಕೇಳಿದರೆ ಹಿಗ್ಗುತ್ತಿದ್ದೆ.

ಆರು ತಿಂಗಳು ಹೀಗೇ ನಡೆಯಿತು. ಓನರಿಗೆ ಹೇಳಬಹುದಿತ್ತು. ಹೇಳಿದರೆ ಮಾಸ್ಟರ್ ಆ ದಿನವೇ ಮನೆಗೆ ಹೋಗುತ್ತಿದ್ದರು, ಮತ್ತು ಯಾರು ಹೇಳಿದರು ಎಂದು ಅವರಿಗೆ ತಿಳಿಯುತ್ತಿತ್ತು. ಬ್ಲೇಡು ನೋಡುವವನು ನಾನೊಬ್ಬನೇ ತಾನೇ. ಅವರ ಮುಂದೆ ನಂಬಿಕೆಯ ಮನುಷ್ಯನಾಗಿ ಉಳಿಯಬೇಕು, ಕೈಯೂ ಉಳಿಯಬೇಕು. ಎರಡೂ ಆಗಬೇಕಾದರೆ ಒಂದೇ ದಾರಿ ಇತ್ತು. ಒಂದು ಸೋಮವಾರ ಬೆಳಿಗ್ಗೆ ಬಲಗೈ ಮಣಿಕಟ್ಟಿಗೆ ಬ್ಯಾಂಡೇಜ್ ಸುತ್ತಿಕೊಂಡು ಹೋಗಿ, ಉಳುಕಿದೆ ಎಂದೆ.

ಮಾಸ್ಟರ್ ನನ್ನ ಕೈಯನ್ನು ಬಹಳ ಹೊತ್ತು ನೋಡಿದರು. "ಎಷ್ಟು ದಿನ?" ಎಂದರು. ನಾನು ಒಂದು ವಾರ ಅಂದೆ. ಆ ವಾರ ಸರಕು ಹೋಗಲೇಬೇಕಿತ್ತು, ಓನರ್ ಬೆಳಿಗ್ಗೆಯಿಂದ ನಾಲ್ಕು ಸಲ ಬಂದು ನಿಂತಿದ್ದರು. ನಿಲ್ಲಿಸಿಡುವ ಹಾಗಿರಲಿಲ್ಲ.

"ನಾನು ಹಿಡ್ಕಂತೀನಿ ಬಿಡಣ್ಣ, ನೀನು ಕೈಗೆ ರೆಸ್ಟು ಕೊಡು" ಎಂದಳು ಈರಮ್ಮ. ಮಾರನೇ ದಿನ ಮನೆಯಿಂದ ಉಪ್ಪು ಕಾಸಿ ಬಟ್ಟೆಯಲ್ಲಿ ಗಂಟು ಕಟ್ಟಿ ತಂದಿದ್ದಳು, ನನ್ನ ಮಣಿಕಟ್ಟಿಗೆ ಶಾಖ ಕೊಡಲು. ಚೆನ್ನಾಗಿದ್ದ ಕೈಯನ್ನು ನಾನು ಅವಳ ಮುಂದೆ ಚಾಚಿದೆ. ಅವಳು ಗಂಟನ್ನು ಒತ್ತಿದಾಗಲೆಲ್ಲ ಹಲ್ಲು ಕಚ್ಚಿ ನೋವಾದವನಂತೆ ಮಾಡಿದೆ. ಇದನ್ನು ಬರೆಯುವಾಗ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತಿದೆ.

ಮೂರನೇ ದಿನ ಚಹಾ ಮುಗಿದು ಮಿಷಿನ್ ಶುರುವಾಗಿತ್ತು. ನಾನು ಪಕ್ಕದ ಬೆಂಚಿನಲ್ಲಿ ಕತ್ತರಿಸಿದ ತುಂಡುಗಳ ಕಟ್ಟು ಕಟ್ಟುತ್ತಿದ್ದೆ. ಈರಮ್ಮ ಕೈಯೂರಿ, ಮುಖ ತಿರುಗಿಸಿ, ಕಿಟಕಿಯ ಕಡೆ ನೋಡುತ್ತಿದ್ದಳು. ಸೀಟಿನ ತಿರುವಿನ ಹತ್ತಿರ ಬ್ಲೇಡು ಗೆರೆ ಬಿಟ್ಟದ್ದನ್ನು ನಾನು ಕಂಡೆ. ಕೂಗಿದೆನೋ ಇಲ್ಲವೋ ನೆನಪಿಲ್ಲ. ಕೂಗಿದೆ ಎಂದು ಅಲ್ಲಿದ್ದವರು ಹೇಳುತ್ತಾರೆ. ಅವಳ ಎಡಗೈಯ ಕಿರುಬೆರಳು, ಉಂಗುರದ ಬೆರಳು ಎರಡೂ ಹೋದವು.

ಬಳ್ಳಾರಿಗೆ ಕರೆದುಕೊಂಡು ಹೋದರು. ಬೆರಳುಗಳನ್ನು ಜೋಡಿಸಲು ಆಗಲಿಲ್ಲ. ಇತ್ತ ಮೇಜಿನ ಮೇಲೆ ಬಟ್ಟೆ ಹಾಗೇ ಇತ್ತು. ಗಟ್ಟಿ ನೀಲಿ ಬಣ್ಣದಲ್ಲಿ ಕಲೆ ಅಷ್ಟು ಕಾಣುವುದಿಲ್ಲ, ವಾಷಿಂಗಿಗೆ ಹೋದರೆ ಇರುವುದೂ ಹೋಗುತ್ತದೆ. ಆ ಪ್ಯಾಂಟುಗಳನ್ನು ಹೊಲಿದೆವು, ಕಳಿಸಿದೆವು.

ಸಂಜೆ ಎಲ್ಲರೂ ಸೇರಿದಾಗ ಮಾಸ್ಟರ್ ಬಾಯಿಬಿಟ್ಟರು. "ಕೈ ಅಳ್ಳಾಡಿಸಿದ್ಲು. ಮಾರಿ ಆ ಕಡೆ, ಕೈ ಈ ಕಡೆ. ನನ್ನ ನಂಬಿದ್ರ ಹಿಂಗಾಗತಿರಲಿಲ್ಲ. ಇಂವಾ ಹಿಡದಿದ್ರ ಆಗ್ತಿತ್ತೇನು?" ಎಂದು ನನ್ನ ಹೆಗಲ ಮೇಲೆ ಕೈಯಿಟ್ಟರು. ಎಲ್ಲರೂ ತಲೆಯಾಡಿಸಿದರು. ಅವಳು ಮುಖ ತಿರುಗಿಸುವುದನ್ನು ಎಲ್ಲರೂ ನೋಡಿದ್ದರಲ್ಲ. ನಾನು ಬ್ಯಾಂಡೇಜ್ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತ ಕೂತಿದ್ದೆ.

ಇನ್ನು ಆ ಮಿಷಿನ್ ಮುಟ್ಟುವುದಿಲ್ಲ, ಮನಸ್ಸು ಮುರಿಯಿತು ಎಂದು ಮಾಸ್ಟರ್ ಆ ವಾರವೇ ಕೆಲಸ ಬಿಟ್ಟರು. "ಪಾಪ, ತನ್ನ ತಪ್ಪಿಲ್ಲಂದ್ರೂ ಎಷ್ಟು ಹಚ್ಕೊಂಡ್ರು ನೋಡ್ರಿ" ಎಂದು ಊರು ಮರುಗಿತು. ಓನರ್ ಶಾಲು ಹೊದೆಸಿ ಹಾರ ಹಾಕಿ ಕಳಿಸಿಕೊಟ್ಟರು. ಮಿಷಿನ್ ನನಗೆ ಬಂತು. ಮೊದಲ ದಿನವೇ ಮೊಳೆಯಿಂದ ಕೈಗವಸು ತೆಗೆದು ಬಟ್ಟೆ ಹಿಡಿಯುವವನಿಗೆ ಕೊಟ್ಟೆ.

ಈರಮ್ಮನಿಗೆ ಮಾತ್ರ ಯಾವ ಯೂನಿಟ್ಟಿನಲ್ಲೂ ಕೆಲಸ ಸಿಗಲಿಲ್ಲ. ಮೂರು ಬೆರಳಿನಲ್ಲೂ ದಾರ ಕತ್ತರಿಸಬಹುದು, ಬಟನ್ ಹಚ್ಚಬಹುದು, ಅಂಥವರು ಎಷ್ಟೋ ಮಂದಿ ಇದ್ದಾರೆ. ಆದರೆ ಅವಳು ಹೋಗುವ ಮೊದಲೇ ಮಾತು ಹೋಗಿರುತ್ತಿತ್ತು, ಕೈ ನಡುಗುವ ಹೆಂಗಸು, ಯಾರನ್ನೂ ನಂಬುವವಳಲ್ಲ, ಮತ್ತೊಂದು ಆದೀತು ಎಂದು. ಒಂದು ದಿನ ಸಂತೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದಳು. "ನೀನು ಅಲ್ಲೇ ಇದ್ದೆಯಲ್ಲಣ್ಣ. ನೀನೇ ನೋಡ್ತಿದ್ದೆ. ನಾನು ಕೈ ಅಳ್ಳಾಡಿಸ್ದೆನಾ? ನಿನ್ನ ಮಾತು ಎಲ್ರೂ ಕೇಳ್ತಾರೆ, ಒಂದು ಮಾತು ಹೇಳು."

"ನಾ ಕಟ್ಟು ಕಟ್ಟಾಕತ್ತಿದ್ದೆನಮ್ಮ, ಸರಿಯಾಗಿ ಕಾಣಲಿಲ್ಲ" ಎಂದೆ.

ಗಂಡ ಹೆಂಡತಿ ಅಮರಾಪುರಕ್ಕೆ ವಾಪಸು ಹೋದರು.

ಒಂದು ವರ್ಷ ಕಳೆದಿರಬೇಕು. ಮಾಸ್ಟರ್ ಹಾಸಿಗೆ ಹಿಡಿದಿದ್ದಾರೆ, ನಿನ್ನನ್ನು ಕೇಳುತ್ತಿದ್ದಾರೆ ಎಂದು ಅವರ ಹೆಂಡತಿ ಹೇಳಿಕಳಿಸಿದರು. ಬೆಟ್ಟದ ಬುಡದಲ್ಲಿ ಅವರ ಮನೆ, ಮುಂದಿನ ಕೋಣೆಯಲ್ಲಿ ಮಂಚ. ಶುಗರ್ ಕಿಡ್ನಿಗೆ ಇಳಿದಿತ್ತು. ಮುಖ, ಕಾಲು ಊದಿಕೊಂಡಿದ್ದವು. ಕಣ್ಣು ನನ್ನ ಕಡೆಗೇ ತಿರುಗಿದ್ದರೂ ನನ್ನ ಕಿವಿಯ ಹತ್ತಿರ ಎಲ್ಲೋ ನೋಡುತ್ತಿದ್ದವು.

"ಬಂದೇನು? ಕುಂದ್ರು" ಎಂದರು. ನಾನು ಕೂತ ಮೇಲೆ, "ನಿನ್ನ ಕೈ ಉಳುಕಿರಲಿಲ್ಲ. ಅವತ್ತ ಗೊತ್ತಿತ್ತು ನನಗ" ಎಂದರು.

ನಾನು ಮಂಚದ ಅಂಚಿನ ಮೇಲಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

"ನೀ ಪಟ್ಟಿ ಕಟಗೊಂಡು ಬಂದಿ ನೋಡು, ಆವಾಗ ತಿಳೀತು, ನನ್ನ ಕಣ್ಣು ಹೋಗ್ಯಾವ ಅನ್ನೋದು ನಿನಗ ತಿಳಿದೈತಿ ಅಂತ. ಆರು ತಿಂಗಳು ನಾ ಗೆರಿ ನೋಡಿ ಕೊಯ್ದಿಲ್ಲೋ ತಮ್ಮ. ತಿರುವಿನಾಗ ನಿನ್ನ ಕೈ ಬಿಗಿ ಆಗ್ತಿತ್ತು, ಬಟ್ಟಿ ಜಗ್ಗಿದಂಗ ಆಗ್ತಿತ್ತು. ಓ, ಗೆರಿ ತಪ್ಪೇತಿ ಅಂತ ತಿರಗಿಸ್ತಿದ್ದೆ. ನಿನ್ನ ಹೆದರಿಕಿ ಮ್ಯಾಲ ಕೆಲಸ ಮಾಡಿದೆ ನಾನು."

ಆಗ ನನಗೆ ರಜೆಯ ದಿನಗಳ ಅರ್ಥ ತಿಳಿಯಿತು. ಅವರು ಕಾಯುತ್ತಿದ್ದುದು ನನಗಲ್ಲ, ಬಿಗಿಯಾಗುವ ನನ್ನ ಬೆರಳುಗಳಿಗೆ. ಇಷ್ಟು ವರ್ಷ ಅವರಿಗೆ ಮೋಸ ಮಾಡುತ್ತಿದ್ದೇನೆ ಎಂದುಕೊಂಡಿದ್ದೆನಲ್ಲ, ಕಡೆಯ ಆರು ತಿಂಗಳು ಅವರಿಗೆ ನಾನು ನಂಬುವುದಿಲ್ಲ ಎಂಬುದು ಚೆನ್ನಾಗಿ ಗೊತ್ತಿತ್ತು.

"ಈರಮ್ಮಂದು?" ಎಂದೆ.

"ಅಕಿನೂ ಹೆದರಿ ಕೈ ಬಿಗಿ ಮಾಡ್ತಾಳ ಅಂತ ತಿಳಕೊಂಡು ಕೊಯ್ದೆ. ಬ್ಲೇಡು ಹತ್ರ ಬಂದ್ರೂ ಆ ಕೈ ಒಂದು ಕೂದಲೆಳಿ ಸರೀಲಿಲ್ಲ. ಬಟ್ಟಿ ಏನೂ ಹೇಳಲಿಲ್ಲ ನನಗ. ಅಷ್ಟು ನಂಬಿದ್ಲು ಅಕಿ. ನಾ ಬರೋಬ್ಬರಿ ಉಲ್ಟಾ ತಿಳಕೊಂಡಿದ್ದೆ ಇಬ್ಬರನ್ನೂ. ನೀ ನಂಬಲಿಲ್ಲ, ನಿನ್ನ ಬೆರಳು ಉಳದ್ವು."

"ಮತ್ತ ಅಕಿನೇ ಅಳ್ಳಾಡಿಸಿದ್ಲು ಅಂತ ಯಾಕಂದ್ರಿ?"

"ಕಣ್ಣು ಕಾಣಂಗಿಲ್ಲ ಅಂತ ಹೇಳಬೇಕಿತ್ತೇನು? ಮೂವತ್ತು ವರ್ಷ ಮಾಸ್ಟರ್ ಅನಿಸಿಕೊಂಡು? ನೀನೂ ಸುಮ್ಮನಿದ್ದೆಲ್ಲೋ. ನೀ ಸುಮ್ಮನಿರ್ತಿ ಅಂತ ಗೊತ್ತಿತ್ತು ನನಗ. ಅದೊಂದು ಮಾತ್ರ ಸರಿಯಾಗಿ ತಿಳಕೊಂಡಿದ್ದೆ."

ನನಗೆ ಸಿಟ್ಟು ಬಂತು, ಅಳುವೂ ಬಂತು. ಅವಳನ್ನು ಕರೆಸುತ್ತೇನೆ, ನೀವೇ ಹೇಳಿಬಿಡಿ ಎಂದೆ. ಅವರು ಹಾಸಿಗೆಯ ಮೇಲೆ ಕೈಯಾಡಿಸಿ ನನ್ನ ಮುಂಗೈ ಹುಡುಕಿ ಹಿಡಿದುಕೊಂಡರು.

"ನಾ ಇರೋತನಕ ಬ್ಯಾಡ. ನಾ ಹೋದ ಮ್ಯಾಲ ನೀ ಹೇಳು. ಎಲ್ಲಾ ಹೇಳಬೇಕಂದ್ರ ನಿಂದೂ ಹೇಳಬೇಕಾಗ್ತೈತಿ, ಅದೊಂದು ನೆನಪಿಟ್ಕೋ."

ಒಂಬತ್ತು ದಿನಕ್ಕೆ ಹೋದರು. ಜೀನ್ಸ್ ಕೆಲಸದವರೆಲ್ಲ ಅರ್ಧ ದಿನ ಮಿಷಿನ್ ನಿಲ್ಲಿಸಿ ಬಂದಿದ್ದರು. ಅಷ್ಟೊಂದು ಜನ ಸೇರಿದ್ದನ್ನು ಅವರು ನೋಡಿದ್ದರೆ ಒಬ್ಬೊಬ್ಬರ ಕೈಯನ್ನೂ ಓದಿ ತೀರ್ಪು ಕೊಡುತ್ತಿದ್ದರು. ಈರಮ್ಮನೂ ಬಂದಿದ್ದಳು. ಯಾರಿಂದ ಸುದ್ದಿ ತಿಳಿಯಿತೋ, ಎರಡು ಬಸ್ಸು ಬದಲಾಯಿಸಿ ಬಂದು, ಹೆಂಗಸರ ಗುಂಪಿನಿಂದ ಆಚೆ ಗೋಡೆಗೆ ಒರಗಿ ನಿಂತಿದ್ದಳು. ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. "ಅಕಿನಾ? ಯಾವ ಮಾರಿ ಹೊತ್ಕೊಂಡು ಬಂದ್ಲು?" ಎಂದು ಯಾರೋ ಅಂದದ್ದು ಅವಳಿಗೂ ಕೇಳಿಸಿತು. ಹೆಣ ಎತ್ತುವಾಗ ಅವಳು ಬಾಯಿಗೆ ಸೆರಗೊತ್ತಿ ಅತ್ತದ್ದನ್ನು ನಾನು ನೋಡಿದೆ.

ಎಲ್ಲ ಮುಗಿದ ಮೇಲೆ ಅವಳನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಹೋದೆ. ಅವಳು ಮೊದಲು ಹತ್ತಬೇಕಾದ ಕಲ್ಯಾಣದುರ್ಗದ ಬಸ್ಸಿಗೆ ಇನ್ನೂ ಹೊತ್ತಿತ್ತು. ಕಲ್ಲುಬೆಂಚಿನ ಮೇಲೆ ಕೂತೆವು. ಕುರಿ ಹೇಗಿವೆ, ಗಂಡ ಹೇಗಿದ್ದಾನೆ ಎಂದು ಕೇಳಿದೆ. ಎಲ್ಲ ಚೆನ್ನಾಗೈತೆ ಎಂದಳು. ಆಮೇಲೆ ಅವಳೇ ಕೇಳಿದಳು.

"ಸಾಯೋಕೆ ಮುಂಚೆ ನನ್ನ ಬಗ್ಗೆ ಏನಾನ ಅಂದ್ರಾ ಅಣ್ಣ?"

"ಅಂದ್ರಮ್ಮ. ನಿನ್ನ ಕೈ ಅಳ್ಳಾಡಲಿಲ್ಲ ಅಂದ್ರು. ಅವರಿಗೆ ಕಣ್ಣು ಕಾಣ್ತಿರಲಿಲ್ಲಂತ. ಆರು ತಿಂಗಳಿಂದ."

ಅವಳು ಸೆರಗಿನೊಳಗಿನ ಎಡಗೈಯನ್ನು ಹೊರಗೆ ತೆಗೆದು ಮಡಿಲಲ್ಲಿಟ್ಟುಕೊಂಡಳು. "ಅಂಗಾದ್ರೆ ನಂದು ತಪ್ಪಿಲ್ಲ" ಎಂದಳು, ಯಾರನ್ನೋ ಕೇಳುವ ಹಾಗೆ.

"ಇಲ್ಲಮ್ಮ. ನಿಂದೇನೂ ತಪ್ಪಿಲ್ಲ."

"ನಾನೇ ಅನ್ಕಂಬಿಟ್ಟಿದ್ದೆ ಕಣಣ್ಣ, ನಂಗೇ ಗೊತ್ತಾಗ್ದಂಗೆ ಅಳ್ಳಾಡಿಸಿರ್ಬೇಕು ಅಂತ. ಎಲ್ರೂ ಅಂಗಂದ್ಮೇಲೆ ಇನ್ನೇನು ಅನ್ಕಳ್ಲಿ? ಕುರಿ ಹಿಡ್ಕಳಾಕೂ ಭಯ ಆಗೋಗಿತ್ತು ನಂಗೆ. ನಮ್ಮಪ್ಪ ಕರೆದ್ರೂ ಹೋಗ್ತಿರ್ಲಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡಳು. "ಇದನ್ನ ಯೂನಿಟ್ಟಿನವ್ರಿಗೆಲ್ಲ ಹೇಳ್ತೀಯಾ?"

ಹೇಳುತ್ತೇನೆ ಎಂದೆ. ಹೇಳಿದ್ದೇನೆ ಕೂಡ. ಸತ್ತವರ ಮೇಲೆ ಯಾಕೆ ಹಾಕ್ತೀ ಎಂದು ಬೈಸಿಕೊಂಡರೂ ಅವರ ಕಣ್ಣಿನ ವಿಷಯ ಹೇಳಿದ್ದೇನೆ. ನನ್ನ ಕೈಯ ವಿಷಯ ಇಲ್ಲೇ ಮೊದಲು ಬರೆಯುತ್ತಿರುವುದು.

ಬಸ್ಸು ಬಂತು. ಜನರ ನೂಕಾಟದಲ್ಲಿ ಅವಳು ಕಂಬಿ ಹಿಡಿದು ಮೆಟ್ಟಿಲು ಹತ್ತಿದಳು. ಮೇಲೆ ನಿಂತು ತಿರುಗಿದಳು.

"ಅಣ್ಣ, ಆಗ ನಿನ್ನ ಕೈ ನೋಯ್ತಿತ್ತಲ್ಲ. ಆಮೇಲೆ ವಾಸಿ ಆಯ್ತಾ?"

ನಾನು ಅವಳ ಮುಖ ನೋಡಿದೆ. ಗೊತ್ತಿದ್ದು ಕೇಳುತ್ತಿದ್ದಾಳೋ, ನಿಜವಾಗಿ ನನ್ನ ಕೈಯ ಯೋಚನೆಯಿಂದ ಕೇಳುತ್ತಿದ್ದಾಳೋ, ಇವತ್ತಿಗೂ ನನಗೆ ತಿಳಿದಿಲ್ಲ. ಅವಳು ಮುಖ ತಿರುಗಿಸಿರಲಿಲ್ಲ. ನೆಟ್ಟಗೆ ನನ್ನನ್ನೇ ನೋಡುತ್ತಿದ್ದಳು.

"ಆಯ್ತಮ್ಮ" ಎಂದೆ.

"ಒಳ್ಳೇದಾಯ್ತು ಬಿಡು" ಎಂದು ಒಳಗೆ ಹೋಗಿ ಕೂತಳು.